ಕೊಸರಿನಲ್ಲಿ ಹೋದ ಪದ್ಯ

ನನ್ನ ಅಂಗಡಿಗೆ ಬೆಲೆ ಬರೆದುಕೊಳ್ಳಲು ಬರುವವರನ್ನು ನಾನು ಕೌಂಟರಿನ ಹಿಂದೆ ನಿಂತೇ ಗುರುತಿಸುತ್ತೇನೆ. ಕೊಳ್ಳಲು ಬಂದವರ ಕಣ್ಣು ಮೊದಲು ಸಾಮಾನಿನ ಮೇಲೆ ಬೀಳುತ್ತದೆ, ಆಮೇಲೆ ಬೆಲೆಯ ಚೀಟಿಯ ಮೇಲೆ. ಬೇರೆ ಅಂಗಡಿಯವರು ಕಳಿಸಿದವರ ಕಣ್ಣು ನೇರವಾಗಿ ಚೀಟಿಗೇ ಹೋಗುತ್ತದೆ. ಅಮೆರಿಕದ ಈ ಎಡಿಸನ್ ಊರಿನ ಒಂದೇ ರಸ್ತೆಯಲ್ಲಿ ಇಷ್ಟೊಂದು ಇಂಡಿಯನ್ ಗ್ರೋಸರಿಗಳಿರುವಾಗ ಇಷ್ಟಾದರೂ ಗೊತ್ತಿರಬೇಕು. ಅಂಗಡಿ ಇಡುವ ಯೋಚನೆ ಇರುವವರು ಈ ಮಾತನ್ನು ಬರೆದಿಟ್ಟುಕೊಳ್ಳಿ, ಪುಕ್ಕಟೆ ಹೇಳುತ್ತಿದ್ದೇನೆ.

ಆ ದಿನ ಬಂದ ಮುದುಕರು ಮಾತ್ರ ಎರಡನ್ನೂ ನೋಡುತ್ತಿರಲಿಲ್ಲ. ಬೆಂಡೆಕಾಯಿ ರಾಶಿಯ ಪಕ್ಕದಲ್ಲಿ ನಿಂತು ಜನರ ಕೈಗಳನ್ನು ನೋಡುತ್ತಿದ್ದರು. ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರು, ಕಾಲಿಗೆ ಬಿಳಿ ಸ್ನೀಕರ್ಸ್, ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಪುಟ್ಟ ನೋಟ್‌ಬುಕ್ಕು. ಒಬ್ಬ ಹೆಂಗಸು ಬೆಂಡೆಕಾಯಿಯ ತುದಿ ಮುರಿದು ನೋಡಿದಳು, ಚೀಟಿ ನೋಡಿದಳು, ಆರಿಸಿದ್ದರಲ್ಲಿ ಅರ್ಧವನ್ನು ಮತ್ತೆ ರಾಶಿಗೇ ಹಾಕಿದಳು. ಮುದುಕರು ಅದನ್ನು ಬರೆದುಕೊಂಡರು. ಇನ್ನೊಬ್ಬ ಬಂದ, ಚೀಟಿಯತ್ತ ಕಣ್ಣೂ ಹಾಯಿಸದೆ ಚೀಲ ತುಂಬಿಕೊಂಡ. ಅದನ್ನೂ ಬರೆದುಕೊಂಡರು.

ಪಕ್ಕದ ಊರು ಪಿಸ್ಕಾಟವೇಯ ಟೆಲಿಕಾಂ ಆಫೀಸಿನಲ್ಲಿದ್ದ ನನ್ನ ಗಂಡನಿಗೆ ಫೋನು ಮಾಡಿದೆ. “ಇಲ್ಲೊಬ್ಬ ಮುದುಕ ಒಂದು ತಾಸಿನಿಂದ ದರಾ ಬರಕೊಳ್ಳಾಕತ್ತಾನ. ಆ ತಿರುವಿನ ಮೂಲಿ ಅಂಗಡಿಯವರು ಕಳಿಸ್ಯಾರ ಅನಸ್ತೈತಿ. ಏನ್ ಮಾಡ್ಲಿ?”

“ಮೀಟಿಂಗ್‌ನ್ಯಾಗ ಅದೇನಿ,” ಎಂದು ಅವರು ಫೋನು ಇಟ್ಟರು. 

ಉತ್ತರ ಬೆಂಡೆಕಾಯಿಯ ಕಡೆಯಿಂದ ಬಂತು. “ಮೂಲಿ ಅಂಗಡಿಗೂ ಹೋಗಿದ್ದೆ ತಂಗಿ. ನಿಮ್ಮವರು ಕಳಿಸ್ಯಾರ ಅಂತ ಅವರು ಹೊರಗ ಹಾಕಿದ್ರು.”

ಅಪ್ಪಟ ಹುಬ್ಬಳ್ಳಿ ಮಾತು. ನನಗೆ ಕೌಂಟರಿನ ಕೆಳಗೆ ಹೋಗಿ ಕೂತುಬಿಡೋಣ ಎನ್ನಿಸಿತು. ಹಾಗೆ ಮಾಡದೆ ಸ್ಟೂಲು ಎಳೆದು ಹಾಕಿ, “ಕುಂದರ್ರಿ ಕಾಕಾ, ಚಾ ತರಸ್ತೀನಿ,” ಎಂದೆ. ತಪ್ಪು ಮಾಡಿದಾಗ ಕ್ಷಮೆ ಕೇಳುವುದಕ್ಕಿಂತ ಚಹಾ ಕೊಡುವುದು ಬೇಗ ಕೆಲಸ ಮಾಡುತ್ತದೆ.

ಅವರು ಗುಜರಾತಿಗಳು. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಅವರ ತಂದೆ ಅಲ್ಲಿ ಹತ್ತಿಯ ದಲಾಲಿ ಮಾಡುತ್ತಿದ್ದರು. ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿ, ಆಮೇಲೆ ಮುಂಬಯಿಗೆ ಹೋಗಿ, ಅಲ್ಲಿನ ಒಂದು ಗುಜರಾತಿ ದಿನಪತ್ರಿಕೆಯ ಮಾರುಕಟ್ಟೆ ಪುಟ ಸೇರಿದರು. ಹತ್ತಿ, ಶೇಂಗಾ ಎಣ್ಣೆ, ಬಂಗಾರ, ಬಜೆಟ್ಟು ಇವುಗಳ ಬಗ್ಗೆ ನಲವತ್ತು ವರ್ಷ ಬರೆದರು. ರವಿವಾರಗಳಲ್ಲಿ ಪ್ರಬಂಧ, ಬಿಡುವಾದಾಗ ಪದ್ಯ. ಹೆಂಡತಿ ತೀರಿಕೊಂಡ ಮೇಲೆ ಎಡಿಸನ್ನಿನಲ್ಲಿದ್ದ ಮಗನ ಮನೆಗೆ ಬಂದಿದ್ದರು. ಇಲ್ಲಿ ಗುಜರಾತಿಯ ಒಂದು ವಾರಪತ್ರಿಕೆ ಇದೆ. ಗುರುವಾರ ಎಲ್ಲ ಗ್ರೋಸರಿಗಳ ಬಾಗಿಲಲ್ಲಿ ಕಟ್ಟು ಇಟ್ಟು ಹೋಗುತ್ತಾರೆ, ಯಾರು ಬೇಕಾದರೂ ಪುಕ್ಕಟೆ ಒಯ್ಯಬಹುದು. ಅದರ ನಾಲ್ಕನೇ ಪುಟದಲ್ಲಿ ಕಾಕಾ ಅಂಕಣ ಬರೆಯುತ್ತಿದ್ದರು. ಮುಂಬಯಿಯ ಯಾವ ಪತ್ರಿಕೆಯೂ ಅವರನ್ನು ಈಗ ಕೇಳುತ್ತಿರಲಿಲ್ಲ. ಅವರಿಗೆ ಉಳಿದದ್ದು ಆ ಒಂದು ಪುಟ.

“ಬೆಂಡಿಕಾಯಿ ದರಾ ಚೀಟಿ ಮ್ಯಾಲೆ ಇರತೈತಿ, ಅದನ್ನ ಬರಕೊಳ್ಳಾಕ ನಾ ಬರೂದಿಲ್ಲ,” ಎಂದರು ಚಹಾ ಕುಡಿಯುತ್ತ. “ದರಾ ನೋಡಿ ಯಾರು ವಾಪಸ್ ಇಟ್ರು, ಎಷ್ಟು ವಾಪಸ್ ಇಟ್ರು, ಅದನ್ನ ಬರಕೋತೀನಿ. ಎಕಾನಮಿ ಅಂದ್ರ ಅದ ನೋಡು.”

ನಾನು ಆ ಕ್ಷಣವೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಈ ಮನುಷ್ಯ ನನ್ನ ಅಂಗಡಿಯಲ್ಲಿ ನಿಂತರೆ ನನಗೇ ಲಾಭ.

ನನ್ನ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಗಂಡನ ವೀಸಾದ ಬಾಲ ಹಿಡಿದು ಬಂದವಳು ನಾನು. ಕೆಲಸ ಮಾಡುವ ಹಕ್ಕು ಸಿಗಲು ಹಲವು ವರ್ಷ ಕಾಯಬೇಕಾಯಿತು. ಸಿಕ್ಕ ಮೇಲೆ ಬಾಡಿಗೆ ಅಡುಗೆಮನೆಯೊಂದರಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಅಂಗಡಿ ಅಂಗಡಿಗೆ ಕೊಟ್ಟೆ. ಅದರಲ್ಲಿ ಒಂದು ಅಂಗಡಿಯವರು ಮುಚ್ಚುತ್ತೇವೆಂದಾಗ ಅದನ್ನೇ ಹಿಡಿದೆ. ಕಟ್ಟಡದ ಮಾಲೀಕನ ಜೊತೆ ಹನ್ನೊಂದು ಸಲ ಕೂತು ಚೌಕಾಸಿ ಮಾಡಿದೆ. ಹನ್ನೆರಡನೇ ಸಲ ಅವನು ತನ್ನ ಹೆಂಡತಿಯನ್ನು ಕಳಿಸಿದ, ಆಕೆಯ ಜೊತೆ ಒಂದೇ ಸಲಕ್ಕೆ ಮುಗಿಯಿತು. ನನಗೆ ಕಾಲೇಜಿನ ದೊಡ್ಡ ಓದಿಲ್ಲ. ಗುಜರಾತಿ ಅಕ್ಷರ ಮೊದಲೇ ಬರುವುದಿಲ್ಲ. ಕಾಕಾ ಬರೆದದ್ದರಲ್ಲಿ ಒಂದು ಸಾಲನ್ನೂ ನಾನು ಓದಿದವಳಲ್ಲ. ಮುಂದೆ ಆದದ್ದಕ್ಕೆ ಇದೂ ಒಂದು ಕಾರಣ.

ಪ್ರತಿ ಮಂಗಳವಾರ ಬೆಳಿಗ್ಗೆ ನಾನು ವ್ಯಾನು ತೆಗೆದುಕೊಂಡು ಕ್ರ್ಯಾನ್‌ಬರಿ ಎಂಬ ಊರಿಗೆ ಹೋಗುತ್ತೇನೆ. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಎಕ್ಸಿಟ್ ಎಂಟು-ಎ ಇಳಿದರೆ ಎರಡೂ ಕಡೆ ಬರೀ ವೇರ್‌ಹೌಸುಗಳು. ಅದರಲ್ಲೊಂದು ನಮಗೆ ಬೇಳೆ, ಅಕ್ಕಿ, ಹಿಟ್ಟು ಕೊಡುವ ಸಗಟು ವ್ಯಾಪಾರಿಗಳದ್ದು. ಆ ಚಳಿಗಾಲದಲ್ಲಿ ಕಾಕಾ ನನ್ನ ಜೊತೆ ಬರತೊಡಗಿದರು. ಸೊಸೆ ಕೊಟ್ಟ ಥರ್ಮಾಸು, ತಲೆಗೆ ಮಂಕಿಕ್ಯಾಪು, ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂರುತ್ತಿದ್ದರು. ವೇರ್‌ಹೌಸಿನ ಅಂಗಳದಲ್ಲಿ ಎಷ್ಟು ಟ್ರೇಲರು ಕಾಯುತ್ತಿವೆ, ಮಾಲು ಇಳಿಸುವ ಯಾವ ಬಾಗಿಲು ಖಾಲಿ ಇದೆ, ಇಳಿಸುವವರು ಹರಟೆ ಹೊಡೆಯುತ್ತಿದ್ದಾರೋ ಓಡಾಡುತ್ತಿದ್ದಾರೋ, ಎಲ್ಲವನ್ನೂ ನೋಡುವರು. 

ಒಂದು ಮಂಗಳವಾರ, “ತೊಗರಿಬ್ಯಾಳಿ ಬಾಗಲಾ ಎರಡ ವಾರದಿಂದ ಖಾಲಿ ಐತಿ ತಂಗಿ. ನೀ ಇವತ್ತ ಜಾಸ್ತಿ ಒಯ್ಯಿ,” ಎಂದರು. ಒಯ್ದೆ. ತಿಂಗಳೊಳಗೆ ಉಳಿದ ಅಂಗಡಿಗಳಲ್ಲಿ ತೊಗರಿಬೇಳೆಯ ಜಾಗದಲ್ಲಿ ‘ನಾಳೆ ಬನ್ನಿ’ ಎಂಬ ಕಾಗದ ಅಂಟಿತ್ತು, ನನ್ನಲ್ಲಿ ಬೇಳೆ ಇತ್ತು. ಅಂದಿನಿಂದ ನಾನು ನಾಲ್ಕನೇ ಪುಟದ ಮೇಲೆ ಖಾಯಂ ಜಾಹೀರಾತು ಹಾಕಿಸಿದೆ. ಕಾಕಾನ ಅಂಕಣದ ಬಲಕ್ಕೆ, ರೇಷ್ಮೆ ಸೀರೆ ಉಟ್ಟ ನನ್ನ ಫೋಟೋ, ರೊಟ್ಟಿಯ ಫೋಟೋ, ವಿಳಾಸ, ಪಾರ್ಕಿಂಗ್ ಉಚಿತ ಎಂಬ ಸಾಲು.

ಕಾಕಾನ ಅಂಕಣ ಯಾವಾಗಲೂ ಒಂದು ಪದ್ಯದಿಂದ ಮುಗಿಯುತ್ತಿತ್ತು. ನಾಲ್ಕೇ ಸಾಲು, ಸುತ್ತ ಬಳ್ಳಿಯ ಚಿತ್ರವಿದ್ದ ಚೌಕಟ್ಟಿನೊಳಗೆ. ಕ್ರ್ಯಾನ್‌ಬರಿಯಿಂದ ವಾಪಸಾಗುವಾಗ ಅದನ್ನು ವ್ಯಾನಿನಲ್ಲೇ ಕಟ್ಟುತ್ತಿದ್ದರು. ಮೊದಲು ಗುಜರಾತಿಯಲ್ಲಿ ಗುನುಗುವರು, ಆಮೇಲೆ ನನಗಾಗಿ ಕನ್ನಡದಲ್ಲಿ ಹೇಳುವರು. ನಾನು ಲೇನ್ ಬದಲಿಸುತ್ತ, ಹಿಂದಿನ ಟ್ರಕ್ಕು ನೋಡುತ್ತ, ಅರ್ಧ ಕಿವಿಯಲ್ಲಿ ಕೇಳಿಸಿಕೊಂಡು “ಚಲೋ ಐತಿ ಕಾಕಾ,” ಎನ್ನುತ್ತಿದ್ದೆ. ಒಂದು ಮಾತ್ರ ಪೂರ್ತಿ ಕಿವಿಗೆ ಬಿತ್ತು, ಯಾಕೆಂದರೆ ಆ ದಿನ ಟ್ರಾಫಿಕ್ಕು ನಿಂತುಬಿಟ್ಟಿತ್ತು:

ಬೆಂಡೆಕಾಯಿ ತೂಗಿ ನೋಡಿ ಮತ್ತೆ ಇಟ್ಟ ಕೈ
ಸಂಜೆ ಮೊಮ್ಮಗಳಿಗೆ ಜಡೆ ಹೆಣೆಯಿತು.
ಬೆಲೆ ಏರಿದ್ದು ಬೆರಳಿಗೆ ಗೊತ್ತಿತ್ತು,
ಜಡೆಗೆ ಗೊತ್ತಾಗಲಿಲ್ಲ.

“ಇದು ಆ ದಿನದ ಹೆಣ್ಣಮಗಳೇನು?” ಎಂದು ಕೇಳಿದೆ.

“ಆಕಿ ಮನೀಗೆ ನಾ ಹೋಗಿಲ್ಲಲಾ. ಮೊಮ್ಮಗಳು ನಂದು.”

“ಮತ್ತ ಬೆಂಡಿಕಾಯಿ ಯಾರ ಇಟ್ರು?”

“ಸುಮ್ನ ಗಾಡಿ ಹೊಡಿ ತಂಗಿ.”

ಮುಂಬಯಿಯ ಆಫೀಸಿನಲ್ಲಿ ಮಾರುಕಟ್ಟೆ ಪುಟದವರು ಅವರನ್ನು ಕವಿಗಳು ಎಂದು ಕಿಚಾಯಿಸುತ್ತಿದ್ದರಂತೆ. ಕವಿಗೋಷ್ಠಿಗೆ ಹೋದರೆ ಅಲ್ಲಿನವರು, “ಬಂದ್ರು ನೋಡ್ರಿ ಹತ್ತಿ ದಲಾಲರು,” ಎನ್ನುತ್ತಿದ್ದರಂತೆ. ಇದನ್ನು ಹೇಳಿ ಕಾಕಾ ತಾವೇ ನಕ್ಕರು. ನಾನೂ ನಕ್ಕೆ. ಅದು ಬರೀ ನಗುವ ಮಾತಲ್ಲ ಎಂದು ಆಗ ಹೊಳೆಯಲಿಲ್ಲ.

ಮಾರ್ಚಿನಲ್ಲಿ ವಾರಪತ್ರಿಕೆಯ ಸಂಪಾದಕರ ಫೋನು ಬಂತು. ಮಾಲೀಕರೂ ಅವರೇ, ಸಂಪಾದಕರೂ ಅವರೇ. ಮುಂದಿನ ಕೋಣೆಯಲ್ಲಿ ಟ್ಯಾಕ್ಸ್ ಫೈಲಿಂಗು, ಪಾಸ್‌ಪೋರ್ಟ್ ಫೋಟೋ, ವಿಮಾನದ ಟಿಕೆಟ್ಟು. ಹಿಂದಿನ ಕೋಣೆಯಲ್ಲಿ ಪತ್ರಿಕೆ. ನನ್ನ ಜಾಹೀರಾತು ಅದೇ ಪುಟದಲ್ಲಿದ್ದದ್ದರಿಂದ ಮರ್ಯಾದೆಗೆ ತಿಳಿಸಿದರು: ಕಾಕಾನ ಅಂಕಣವನ್ನು ನಿಲ್ಲಿಸುತ್ತಿದ್ದೇನೆ, ಕಾಕಾಗೆ ಇನ್ನೂ ಹೇಳಿಲ್ಲ.

“ಹೇಳಬೇಡಿ, ಬರ್ತಿದೀನಿ,” ಎಂದು ಕೀಲಿಕೈ ತೆಗೆದುಕೊಂಡು ಹೊರಟೆ. ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ಚೌಕಾಸಿ ಮಾಡಬಾರದು, ಎದುರು ಕೂತು ಮಾಡಬೇಕು. ಎದುರು ಕೂತವರಿಗೆ ಇಲ್ಲ ಎನ್ನುವುದು ಕಷ್ಟ.

ನಮ್ಮ ಮಾತು ಹಿಂದಿಯಲ್ಲಿ ನಡೆಯಿತು. ಅವರು ನನ್ನನ್ನು ಬೆನ್ ಎನ್ನುತ್ತಾರೆ, ಗುಜರಾತಿಯಲ್ಲಿ ಅಕ್ಕ-ತಂಗಿ ಎಂದಂತೆ.

“ನೋಡಿ ಬೆನ್, ಒಬ್ಬ ರಿಯಲ್ ಎಸ್ಟೇಟ್ ಏಜೆಂಟು ವರ್ಷಪೂರ್ತಿ ಜಾಹೀರಾತು ಕೊಡ್ತೀನಿ ಅಂತಿದಾನೆ. ನಾಲ್ಕನೇ ಪುಟವೇ ಬೇಕಂತೆ.”

“ಆ ಪುಟವೇ ಯಾಕೆ?”

“ಅದನ್ನ ಜನ ಓದ್ತಾರಂತೆ.”

“ಯಾಕೆ ಓದ್ತಾರೆ?”

ಅವರು ಗಲ್ಲ ಕೆರೆದುಕೊಂಡರು. “ಕಾಕಾ ಬರೀತಾರಲ್ಲ.”

“ಕಾಕಾನ್ನ ತೆಗೆದ ಮೇಲೆ?”

ಅವರು ನನಗೆ ನೀರು ಕೊಟ್ಟರು. ಅರ್ಧ ಗೆದ್ದೆ ಎಂದುಕೊಂಡೆ. ಆದರೆ ಏಜೆಂಟನ ಜಾಹೀರಾತು ಬರುವುದಂತೂ ಗಟ್ಟಿಯಾಗಿತ್ತು. ಪುಟವನ್ನು ಮೇಜಿನ ಮೇಲೆ ಹರಡಿ ಇಬ್ಬರೂ ಅಳೆಯಲು ಕೂತೆವು. ಅಂಕಣವನ್ನು ಅರ್ಧ ಮಾಡೋಣ ಎಂದರು, ಅರ್ಧ ಬೆಂದ ಬೇಳೆಯನ್ನು ಯಾರೂ ಉಣ್ಣುವುದಿಲ್ಲ ಎಂದೆ. ಶ್ರದ್ಧಾಂಜಲಿಯ ಪುಟಕ್ಕೆ ಒಯ್ಯೋಣ ಎಂದರು, ತೀರಿಕೊಂಡವರ ನಡುವೆ ಬದುಕಿರುವವರನ್ನು ಹಾಕಬೇಡಿ ಎಂದೆ. ಮುಕ್ಕಾಲು ಗಂಟೆ ಹೀಗೇ ಎಳೆದಾಡಿದೆವು. ಕೊನೆಗೆ ಅವರಿಗೆ ಬೇಕಿದ್ದದ್ದು ಪುಟದ ಕೆಳಗೆ ಎರಡು ಬೆರಳ ಅಗಲದ ಒಂದು ಪಟ್ಟಿ ಎಂಬಲ್ಲಿಗೆ ಬಂದು ನಿಂತಿತು.

ಇಲ್ಲಿ ನಾನು ತಪ್ಪಿದೆ. ಹೇಗೆ ತಪ್ಪಿದೆ ಎಂದು ತಿಳಿಯಬೇಕಾದರೆ ಕೊಸರು ಗೊತ್ತಿರಬೇಕು. ನಮ್ಮವ್ವ ಸಂತೆಯಲ್ಲಿ ಬದನೆಕಾಯಿ ತೂಗಿಸಿಕೊಂಡ ಮೇಲೆ ಚೀಲದ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಮಾರುವವಳು ಒಂದೆರಡು ಮೆಣಸಿನಕಾಯಿ, ನಾಲ್ಕು ಎಸಳು ಕರಿಬೇವು ಹಾಕಿದ ಮೇಲೆಯೇ ಮುಚ್ಚುತ್ತಿದ್ದಳು. ತೂಕಕ್ಕೆ ಸೇರದ, ದುಡ್ಡಿಗೆ ಸೇರದ, ಸಂತೋಷಕ್ಕೆ ಹಾಕುವ ಆ ಇಷ್ಟನ್ನು ಕೊಸರು ಎನ್ನುತ್ತೇವೆ. ನಾನು ಇಡೀ ವ್ಯಾಪಾರವನ್ನು ಕಲಿತದ್ದೇ ಅದರಿಂದ. ಮುಖ್ಯ ಮಾಲನ್ನು ಮುಟ್ಟಲು ಬಿಡಬೇಡ, ಬೇಕಾದರೆ ಕೊಸರನ್ನು ಹಿಗ್ಗಿಸು ಇಲ್ಲವೇ ಕುಗ್ಗಿಸು. ಆ ಪುಟವನ್ನು ನೋಡಿದಾಗ ನನ್ನ ಕಣ್ಣಿಗೆ ಮಾಲು ಕಂಡಿತು, ಮಾಲಿನ ತುದಿಯಲ್ಲಿ ಬಳ್ಳಿಯ ಚೌಕಟ್ಟಿನೊಳಗೆ ಕೊಸರು ಕಂಡಿತು.

“ಕೆಳಗಿನ ಪದ್ಯ ತೆಗೀರಿ. ಮೇಲಿನದ್ದರಲ್ಲಿ ಒಂದು ಅಕ್ಷರ ಮುಟ್ಟಬಾರದು,” ಎಂದೆ.

ಅವರು ತಕ್ಷಣ ಕೈ ಚಾಚಿದರು. ಎದುರಿನವರು ತಕ್ಷಣ ಕೈ ಚಾಚಿದರೆ ನಾವು ಹೆಚ್ಚು ಕೊಟ್ಟಿದ್ದೇವೆ ಎಂದು ಅರ್ಥ. ಇದನ್ನು ನಾನು ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ. ಆ ದಿನ ನನಗೇ ನೆನಪಾಗಲಿಲ್ಲ. ಕಾರಿನಲ್ಲಿ ಕೂತು ಹಾಡು ಹಾಕಿಕೊಂಡು ಬಂದೆ.

ಕಾಕಾಗೆ ನಾನು ಹೇಳಲಿಲ್ಲ. ಅಂಕಣ ನಿಲ್ಲುವುದರಲ್ಲಿತ್ತು ಎಂದು ಕೇಳಿ ಅವರೇಕೆ ಹೆದರಬೇಕು, ಗುರುವಾರ ಅಚ್ಚಾಗಿ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಹೊಗಳಿಸಿಕೊಳ್ಳುವ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ಗುರುವಾರ ಕಟ್ಟು ಬಿಚ್ಚುವ ಹೊತ್ತಿಗೆ ಸರಿಯಾಗಿ ಅವರು ಬಂದರು. ಪತ್ರಿಕೆ ತೆರೆದು ಕೌಂಟರಿನ ಮೇಲೆ ಹಾಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ತಂಗಿ, ಇಲ್ಲೆ ಕೆಳಗ ಏನೋ ಬಿಟ್ಟಾರ. ಪ್ರೆಸ್ಸಿನವರು ಮರತಾರೇನು?”

“ಮರತಿಲ್ಲ ಕಾಕಾ. ನಾನ ತಗಸೀನಿ.” ಆಮೇಲೆ ಇಡೀ ಕಥೆಯನ್ನು ಹೇಳಿದೆ. ಏಜೆಂಟು, ಎರಡು ಬೆರಳ ಪಟ್ಟಿ, ಮುಕ್ಕಾಲು ಗಂಟೆಯ ಎಳೆದಾಟ, ಎಲ್ಲವನ್ನೂ.  

“ಉಳಕಿದ್ದೆಲ್ಲಾ ಉಳಿಸೀಯಲ್ಲಾ?” ಎಂದರು ಕಾಕಾ.

“ಒಂದ ಅಕ್ಷರಾ ಬಿಡದ. ನಾಲ್ಕ ಸಾಲು ಹೋದ್ರ ಹೋಗ್ಲಿ ಬಿಡ್ರಿ. ಅದನ್ನ ವಾಟ್ಸಾಪಿನ್ಯಾಗ ಹಾಕಿದ್ರಾತು.”

ಕಾಕಾ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿದರು. “ನಲವತ್ತ ವರ್ಷ ನನ್ನ ದರಾ ಒಂದ ಕಡೆ, ಪದ್ಯಾ ಒಂದ ಕಡೆ ಇದ್ವು ತಂಗಿ. ಅಲ್ಲೆ ಯಾರೂ ಎರಡನ್ನ ಕೂಡಿಸಾಕ ಬಿಡಲಿಲ್ಲ. ಈ ಪುಕ್ಕಟೆ ಪೇಪರಿನ್ಯಾಗ ಮೊದಲನೇ ಸಲ ಕೂಡಿದ್ವು. ಮಂದಿ ಆ ನಾಲ್ಕ ಸಾಲಿನ ತನಕಾ ಬರ್ಲಿ ಅಂತ ನಾ ಮ್ಯಾಲಿಂದು ಬರೀತಿದ್ದೆ. ನೀ ಹಾದಿ ಉಳಿಸೀದಿ, ಮನಿ ಕೆಡವೀದಿ.”

“ಕಾಕಾ, ನಾ ಪದ್ಯಾ ಬಿಡದಿದ್ರ ಎರಡೂ ಹೋಗತಿದ್ವು.”

“ಹೌದು. ನೀ ಒಳ್ಳೇದಕ್ಕ ಮಾಡೀದಿ, ಅದು ನನಗ ಗೊತ್ತೈತಿ.” ಅವರ ದನಿ ಸ್ವಲ್ಪವೂ ಏರಲಿಲ್ಲ. “ಸೋಮವಾರದ್ದು ನಾ ಕಳಸೂದಿಲ್ಲ. ಅವರಿಗೆ ಹೇಳಿಬಿಡು.”

ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಪತ್ರಿಕೆಗೆ ಬರಹ ಕಳಿಸುವ ಗಡುವು. ಒಂದು ವಾರ ತಪ್ಪಿದರೆ ಆ ಜಾಗಕ್ಕೆ ಇನ್ನೊಬ್ಬ ಏಜೆಂಟು ಬರುತ್ತಾನೆ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಬೈದು ಹೋಗಿದ್ದರೆ ನಾನು ತಿರುಗಿ ಬೈದು ಮರೆತುಬಿಡುತ್ತಿದ್ದೆ. ಅವರು ಒಂದು ಕಟ್ಟು ಮೆಂತ್ಯೆಸೊಪ್ಪು ಕೊಂಡು, ಚಿಲ್ಲರೆ ಇಸಿದುಕೊಂಡು ಹೋದರು.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಕಂಪ್ಯೂಟರಿನಿಂದ ತಲೆ ಎತ್ತದೆ, “ಪದ್ಯಾ ನಿಂದಾಗಿತ್ತೇನು?” ಎಂದರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವರು ವ್ಯಾಪಾರದ ಬಗ್ಗೆ ಕೇಳಿದ ಒಂದೇ ಸರಿಯಾದ ಪ್ರಶ್ನೆ ಅದು. ನನ್ನದಲ್ಲದ ಮಾಲನ್ನು ನಾನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿದ್ದೆ.

ಶುಕ್ರವಾರ ಟೀಚರ್‌ಬೆನ್ ಬಂದರು. ಗುಜರಾತಿನ ನಡಿಯಾದಿನ ಕಡೆಯ ನಿವೃತ್ತ ಶಾಲಾಶಿಕ್ಷಕಿ, ಮಗಳ ಮನೆಯಲ್ಲಿದ್ದಾರೆ. ಪ್ರತಿ ಗುರುವಾರ ಪತ್ರಿಕೆ ಒಯ್ಯುತ್ತಾರೆ, ಜೊತೆಗೆ ನನ್ನ ಚಟ್ನಿಪುಡಿಗೆ ಖಾರ ಹೆಚ್ಚಾಯಿತೆಂದು ದೂರುತ್ತಾರೆ, ಮತ್ತೆ ಅದನ್ನೇ ಕೊಳ್ಳುತ್ತಾರೆ. ಆ ದಿನ ಪತ್ರಿಕೆಯನ್ನು ವಾಪಸು ತಂದು ನನ್ನ ಮುಂದಿಟ್ಟು ಹಿಂದಿಯಲ್ಲಿ ಕೇಳಿದರು, “ಇದರಲ್ಲಿ ಪದ್ಯ ಇಲ್ಲ. ಬೇರೆ ಪ್ರತಿ ಕೊಡಿ.”

“ಎಲ್ಲ ಪ್ರತಿಯೂ ಹಾಗೇ ಇವೆ ಟೀಚರ್‌ಬೆನ್. ನೀವು ಓದೋದು ಬೆಲೆಯ ಸುದ್ದಿ ಅಲ್ವಾ?”

“ಬೆಲೆ ನಿಮ್ಮ ಅಂಗಡಿಯಲ್ಲೇ ಚೆನ್ನಾಗಿ ಗೊತ್ತಾಗುತ್ತೆ. ನನಗೆ ಪದ್ಯ ಬೇಕು. ನಡಿಯಾದಿನಲ್ಲಿರೋ ತಂಗಿಗೆ ಪ್ರತಿ ವಾರ ಫೋನಿನಲ್ಲಿ ಓದ್ತೀನಿ. ಹೋದ ವಾರದ್ದು ಅವಳಿಗೆ ಹಿಡಿಸಲಿಲ್ಲ, ಮೂರನೇ ಸಾಲು ದಂಡ ಅಂದಳು. ಎರಡು ದಿನ ಜಗಳ ಆಡಿದೀವಿ. ಈ ವಾರ ಯಾತಕ್ಕೆ ಜಗಳ ಆಡಲಿ?”

ನಾನು ಕೌಂಟರನ್ನು ಕೆಲಸದ ಹುಡುಗಿಗೆ ಒಪ್ಪಿಸಿ, ಟೀಚರ್‌ಬೆನ್ನಿಗೆ ಚಹಾ ಕೊಟ್ಟು, “ನಾಳೆ ಬೆಳಿಗ್ಗೆ ಬಿಡುವಿದೆಯಾ?” ಎಂದೆ.

ಮುಗಿದ ಮಾತನ್ನು ಮತ್ತೆ ಎತ್ತಲು ಹೋಗುವಾಗ ಬರಿಗೈಯಲ್ಲಿ ಹೋಗಬಾರದು. ನಾನು ಶನಿವಾರ ಟೀಚರ್‌ಬೆನ್ನನ್ನು ಕರೆದುಕೊಂಡು ಪತ್ರಿಕೆಯ ಆಫೀಸಿಗೆ ಹೋದೆ. ಟ್ಯಾಕ್ಸ್ ಸೀಸನ್ನು, ಮುಂದಿನ ಕೋಣೆ ತುಂಬಿತ್ತು. ಹಿಂದಿನ ಕೋಣೆಯಲ್ಲಿ ಸಂಪಾದಕರು ನಮ್ಮನ್ನು ನೋಡಿ ಎದ್ದು ನಿಂತರು. ಟೀಚರ್‌ಬೆನ್ ಕೂರುವ ಮೊದಲೇ ಮುಖಪುಟವನ್ನು ತೋರಿಸಿ, ಅದರಲ್ಲಿ ಎಷ್ಟು ಕಡೆ ವಾಕ್ಯ ಅರ್ಧಕ್ಕೇ ನಿಂತಿದೆ ಎಂದು ಪಾಠ ಶುರು ಮಾಡಿದರು. ಆ ಮನುಷ್ಯ ಮೂರನೇ ಇಯತ್ತೆಯ ಮಗುವಿನಂತೆ “ಹಾ ಜೀ, ಹಾ ಜೀ,” ಎನ್ನುತ್ತಿದ್ದರು. ನಾನು ಟೀಚರ್‌ಬೆನ್ನನ್ನು ತಡೆಯಲಿಲ್ಲ. ಎದುರಾಳಿ ಮೆತ್ತಗಾಗುವವರೆಗೆ ಕಾಯುವುದಕ್ಕೆ ಖರ್ಚೇನಿಲ್ಲ.

ಆಮೇಲೆ ನನ್ನ ಮಾತು ಹೇಳಿದೆ. “ಹೋದ ವಾರ ನಾನು ಆಡಿದ ಮಾತು ವಾಪಸು. ಆ ಪದ್ಯ ಬಿಟ್ಟುಕೊಡೋಕೆ ನನಗೆ ಅಧಿಕಾರ ಇರಲಿಲ್ಲ. ಕಾಕಾ ಬರೆಯೋದು ಬಿಟ್ಟಿದಾರೆ.”

“ಬೆನ್, ನಾನೂ ಕಾಕಾನ ಪದ್ಯ ಓದೋನೇ. ಆದರೆ ಏಜೆಂಟನ ಜೊತೆ ಸಹಿ ಆಗಿದೆ. ಆ ಪಟ್ಟಿ ಮುಟ್ಟೋ ಹಾಗಿಲ್ಲ. ಜಾಗ ಎಲ್ಲಿಂದ ತರಲಿ, ನೀವೇ ಹೇಳಿ.”

ಪುಟ ಮತ್ತೆ ಮೇಜಿನ ಮೇಲೆ ಬಂತು. ಮೇಲೆ ಕಾಕಾನ ಬರಹ. ಕೆಳಗೆ ಎರಡು ಬೆರಳ ಪಟ್ಟಿಯಲ್ಲಿ ಏಜೆಂಟು ಹಲ್ಲು ಬಿಟ್ಟುಕೊಂಡು ನಿಂತಿದ್ದ. ಬಲಕ್ಕೆ ರೇಷ್ಮೆ ಸೀರೆಯಲ್ಲಿ ನಾನೂ ಹಲ್ಲು ಬಿಟ್ಟುಕೊಂಡು ನಿಂತಿದ್ದೆ. ಆ ಕೋಣೆಯಲ್ಲಿ ನನಗೆ ಬಿಟ್ಟುಕೊಡುವ ಅಧಿಕಾರವಿದ್ದ ಜಾಗ ಅದೊಂದೇ. ಅದು ಕಣ್ಣಿಗೆ ಬಿದ್ದರೂ ಸ್ವಲ್ಪ ಹೊತ್ತು ಕಾಣದವಳಂತೆ ಕೂತಿದ್ದೆ. ಆ ಫೋಟೋ ತೆಗೆಸಲು ಇಡೀ ಮಧ್ಯಾಹ್ನ ಹೋಗಿತ್ತು.

“ನನ್ನ ಫೋಟೋ ತೆಗೀರಿ,” ಎಂದೆ. “ಆ ಜಾಗಕ್ಕೆ ಪದ್ಯ. ಚೌಕಟ್ಟು ಮೊದಲಿನದೇ ಇರಬೇಕು.”

“ಯೋಚಿಸಿ ಬೆನ್. ಜಾಹೀರಾತು ಚಿಕ್ಕದಾಗುತ್ತೆ.”

“ಹಾಗಾದ್ರೆ ರೇಟೂ ಚಿಕ್ಕದಾಗುತ್ತಾ?”

“ಇಲ್ಲ.”

“ಸರಿ.” ಕೇಳದೇ ಇರುವುದು ನನ್ನಿಂದ ಆಗುವುದಿಲ್ಲ, ಆದ್ದರಿಂದ ಕೇಳಿದೆ. ಟೀಚರ್‌ಬೆನ್, “ಫೋಟೋದಲ್ಲಿ ನೀವು ಸಿಟ್ಟಾದ ಹಾಗೆ ಕಾಣ್ತೀರಿ, ಹೋದದ್ದು ಒಳ್ಳೇದು,” ಎಂದು ಸಮಾಧಾನ ಹೇಳಿದರು.

ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿಕೊಂಡೆ. ಸ್ನೇಹಿತರ ಜೊತೆಗೂ ಬರೆಸಿಕೊಳ್ಳಬೇಕು, ಸ್ನೇಹಿತರ ಜೊತೆಗಂತೂ ಬರೆಸಿಕೊಳ್ಳಲೇಬೇಕು. ಆದರೆ ಕಾಕಾ ಬರೆಯಲು ಒಪ್ಪದಿದ್ದರೆ ಆ ಕಾಗದಕ್ಕೆ ಬೆಲೆ ಇರಲಿಲ್ಲ. ನನ್ನ ಕೈಯಲ್ಲಿ ರವಿವಾರ ಒಂದೇ ಉಳಿದಿತ್ತು.

ರವಿವಾರ ಅವರ ಮಗನ ಮನೆಗೆ ಹೋದೆ. ರಸ್ತೆಯ ಬದಿಯಲ್ಲಿ ಹಳೆಯ ಸ್ನೋ ಕಪ್ಪಾಗಿ ಗುಡ್ಡೆ ಬಿದ್ದಿತ್ತು. ಸೊಸೆ ಬಾಗಿಲು ತೆಗೆದು, “ಆಂಟಿ, ಪಪ್ಪಾ ಲಾಂಡ್ರಿ ರೂಮಿನಲ್ಲಿದಾರೆ,” ಎಂದಳು. ಅವರು ಬರೆಯುವ ಜಾಗ ಅದೆಂದು ನನಗೆ ಅಂದೇ ಗೊತ್ತಾದದ್ದು. ಡ್ರೈಯರಿನ ಪಕ್ಕ ಬೆಚ್ಚಗಿರುತ್ತದೆಂದು ಅಲ್ಲೊಂದು ಮಡಿಸುವ ಮೇಜು ಹಾಕಿಕೊಂಡಿದ್ದರು. ಒಳಗೆ ಯಾರದೋ ಜೀನ್ಸು ಗಿರಗಿರ ತಿರುಗುತ್ತಿತ್ತು. ಮೇಜಿನ ಮೇಲೆ ಕಾಗದ ಇತ್ತು, ಕಾಗದದ ಮೇಲೆ ಅಕ್ಷರ ಇತ್ತು. ಓದಲು ಬಾರದಿದ್ದರೂ ಸಾಲು ಗಿಡ್ಡ ಇವೆಯೋ ಉದ್ದ ಇವೆಯೋ ಎಂದು ನೋಡಲು ಬರುತ್ತದಲ್ಲ. ಗಿಡ್ಡ ಇದ್ದವು.

“ದರಾ ಬರದಿಲ್ಲ,” ಎಂದರು ನನ್ನ ಕಣ್ಣು ಹೋದ ಕಡೆ ನೋಡಿ. “ಇದು ತಾನ ಬಂತು.”

ನಾನು ಆಗಿದ್ದೆಲ್ಲವನ್ನೂ ಹೇಳಿ ಸಂಪಾದಕರ ಸಹಿ ಇದ್ದ ಕಾಗದವನ್ನು ಮುಂದಿಟ್ಟೆ. ಅವರು ಅದನ್ನು ಎರಡು ಸಲ ಓದಿದರು. 

“ಫೋಟೋ ತಗಸೀಯಾ?”

“ತಗಸೀನಿ.”

“ನಾ ಕೇಳಿರಲಿಲ್ಲಲಾ.”

“ಹೋದ ಸಲಾನೂ ನೀವು ಕೇಳಿರಲಿಲ್ಲ ಕಾಕಾ. ಆದ್ರ ಈ ಸಲ ನಂದನ್ನ ಕೊಟ್ಟೇನಿ.”

ಡ್ರೈಯರು ನಿಂತಿತು. ಸೊಸೆ ಬಂದು ಬಟ್ಟೆ ತೆಗೆದು, ನಮ್ಮಿಬ್ಬರ ಮುಖ ನೋಡಿ ಹೊರಗೆ ಹೋದಳು. ಹೋಗುವಾಗ ಕಾಕಾಗೆಂದು ಡ್ರೈಯರನ್ನು ಖಾಲಿಯೇ ಇನ್ನೊಮ್ಮೆ ಚಾಲೂ ಮಾಡಿದಳು. 

“ಎಷ್ಟ ಸಾಲಿನ ಜಾಗಾ ಐತಿ?” ಎಂದು ಕೊನೆಗೆ ಕಾಕಾ ಕೇಳಿದರು.

“ಮೊದಲಿನಷ್ಟ. ನಾಲ್ಕು.”

“ಇದು ಆರ ಐತಿ.”

ನನಗೆ ಎದೆ ಹಗುರಾಯಿತು. ಒಲ್ಲೆ ಎನ್ನುವವರು ಜಾಗ ಅಳೆಯುವುದಿಲ್ಲ. “ಆರ ಆಗಂಗಿಲ್ಲ ಕಾಕಾ. ನಾಲ್ಕಕ್ಕ ಸಹಿ ಆಗೈತಿ.”

“ಎರಡ ಸಾಲಿಗೆ ಏನಾಗತೈತಿ? ಸಣ್ಣ ಅಕ್ಷರ ಹಾಕಾಕ ಹೇಳು.”

“ಟೀಚರ್‌ಬೆನ್ನಗ ಸಣ್ಣ ಅಕ್ಷರ ಕಾಣಸ್ತಾವೇನು? ಐದ ಮಾಡ್ರಿ.”

“ಪದ್ಯಾ ಏನ್ ಬದನಿಕಾಯಿ ಅಂತ ತಿಳದೀಯೇನು, ಒಂದ ತಗದು ತೂಗಾಕ?” ಎಂದರು. ಆಮೇಲೆ ಕಾಗದವನ್ನು ನನ್ನ ಕಡೆ ತಿರುಗಿಸಿ, “ಆತು. ಯಾವದನ್ನ ತಗೀಲಿ ಹೇಳು,” ಎಂದು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳತೊಡಗಿದರು. ವೇರ್‌ಹೌಸಿನ ಖಾಲಿ ಬಾಗಿಲ ಬಗ್ಗೆ ಇತ್ತು. ಅದರ ಮುಂದೆ ದಿನವೂ ಬಂದು ಕೂರುವ ಒಂದು ಪಾರಿವಾಳದ ಬಗ್ಗೆ ಇತ್ತು. ಈ ಸಲ ನಾನು ಗಾಡಿ ಹೊಡೆಯುತ್ತಿರಲಿಲ್ಲ. ಆರನ್ನೂ ಕೇಳಿದೆ. ಐದನೆಯದು ಹೆಚ್ಚಾಯಿತು ಎಂದು ನನ್ನ ವ್ಯಾಪಾರದ ಬುದ್ಧಿಗೆ ಅನ್ನಿಸಿತು, ಬಾಯಿಯ ತನಕ ಬಂತು.

“ಅದು ನಿಮ್ಮದು ಕಾಕಾ. ನಾ ಹೇಳಂಗಿಲ್ಲ,” ಎಂದೆ.

ಅಲ್ಲೇ ನಿಂತು ಸಂಪಾದಕರಿಗೆ ಫೋನು ಮಾಡಿದೆ. ರವಿವಾರ ಯಾಕೆ ಫೋನು ಎಂದು ಅವರು ಗೊಣಗಿದರು. ನನ್ನ ಜಾಹೀರಾತಿನಲ್ಲಿ ಪಾರ್ಕಿಂಗ್ ಉಚಿತ ಎಂಬ ಸಾಲನ್ನೂ ಅದರ ಕೆಳಗಿನ ಕಾರಿನ ಚಿತ್ರವನ್ನೂ ತೆಗೆದು ಆ ಜಾಗವನ್ನು ಕಾಕಾಗೆ ಕೊಡಿ ಎಂದೆ. ಎಡಿಸನ್ನಿನಲ್ಲಿ ಯಾವ ಗ್ರೋಸರಿಯವರು ಪಾರ್ಕಿಂಗಿಗೆ ದುಡ್ಡು ಕೇಳುತ್ತಾರೆ, ಇಷ್ಟು ದಿನ ಆ ಸಾಲನ್ನು ಯಾಕೆ ಹಾಕಿಸಿದ್ದೆನೋ. ಜಾಹೀರಾತು ಕೊಡುವವರು ತಮ್ಮದನ್ನೊಮ್ಮೆ ತೆಗೆದು ನೋಡಿ, ಇಂಥವು ಒಂದೆರಡು ನಿಮ್ಮಲ್ಲೂ ಸಿಗುತ್ತವೆ.

ಫೋನು ಇಟ್ಟು ನೋಡಿದರೆ ಕಾಕಾ ಎರಡನೇ ಸ್ವೆಟರು ಹಾಕಿಕೊಳ್ಳುತ್ತಿದ್ದರು.

“ಎಲ್ಲಿಗೆ?”

“ನಾಳೆ ಹನ್ನೆರಡರೊಳಗ ದರಾ ಬರೀಬೇಕಲಾ. ಮೂಲಿ ಅಂಗಡಿಗೆ ಬಿಡು ನನ್ನ. ನೀನೂ ಒಳಗ ಬಾ, ನೀ ಇದ್ರ ಅವರು ಹೊರಗ ಹಾಕೂದಿಲ್ಲ.”

ನಾನಿದ್ದರೆ ಇಬ್ಬರನ್ನೂ ಹಾಕುತ್ತಾರೆ ಎಂದೆ. ಆದರೂ ಹೋದೆವು.